ಜರ್ಮನಿ ಮೇಲೆ ಹಾರಿದ ನಮ್ಮ ಕಂದಾಯ

ವಾಡಿ ಜಂಕ್ಷನ್ ಗೊತ್ತಲ್ವಾ? 1874ರಲ್ಲಿ ನಿಜಾಮರ ರೈಲು ಸಿಕಂದರಾಬಾದಿಗೆ ಹೊರಟಿದ್ದು ಅಲ್ಲಿಂದಲೇ. ಸೇಡಂ, ಚಿತ್ತಾಪುರ, ಶಹಾಬಾದ್, ಚಿಂಚೋಳಿ ಎಲ್ಲವೂ ಆಗ ಹೈದರಾಬಾದ್ ಸಂಸ್ಥಾನ.

1914ರಲ್ಲಿ ಮಹಾಯುದ್ಧ ಶುರುವಾದಾಗ ವಿಮಾನಕ್ಕಿದ್ದ ಮುಖ್ಯ ಕೆಲಸ ಒಂದೇ. ಶತ್ರು ಎಲ್ಲಿದ್ದಾನೆ ಅಂತ ಮೇಲಿಂದ ನೋಡಿಬಂದು ಹೇಳೋದು. ಪ್ಯಾರಿಸ್ ಹತ್ತಿರ ಜರ್ಮನ್ ಸೇನೆ ದಿಕ್ಕು ಬದಲಿಸಿದ್ದನ್ನು ಪತ್ತೆ ಹಚ್ಚಿದವರಲ್ಲಿ ಪೈಲಟ್‌ಗಳೂ ಇದ್ದರು. ನಾಲ್ಕೇ ವರ್ಷದಲ್ಲಿ ಆ ಕಣ್ಣಿನ ಜೊತೆ ಬಾಂಬೂ ಸೇರಿತು.

1918ರಲ್ಲಿ ಬ್ರಿಟನ್ನಿನ 110ನೇ ಸ್ಕ್ವಾಡ್ರನ್‌ಗೆ ಡಿಎಚ್-9ಎ ವಿಮಾನಗಳನ್ನು ಕೊಡಿಸಿದ್ದು ಏಳನೇ ನಿಜಾಮ ಮೀರ್ ಉಸ್ಮಾನ್ ಅಲಿ ಖಾನ್. ಎಂಜಿನಿಯರಿಂಗ್ ಓದಿದ ನನ್ನ ಕಣ್ಣಿಗೆ ಮೊದಲು ಬಿದ್ದದ್ದು ಅದರ ಎಂಜಿನ್: 400 ಅಶ್ವಶಕ್ತಿಯ ಲಿಬರ್ಟಿ. ಮುಂದೆ ಪೈಲಟ್, ಹಿಂದೆ ಬಂದೂಕು ಹಿಡಿದ ಅಬ್ಸರ್ವರ್. ವಿಮಾನದ ಮೈಮೇಲೆ ನಿಜಾಮರ ಹೆಸರು. ಸೆಪ್ಟೆಂಬರಿನಿಂದ ಫ್ರಾನ್ಸ್‌ನಲ್ಲಿ ನೆಲೆ ನಿಂತು ಜರ್ಮನಿಯ ಊರುಗಳ ಮೇಲೆ ಹಗಲಲ್ಲೇ ದಾಳಿ ಮಾಡಿದವು. ಹಲವು ವಿಮಾನಗಳು ವಾಪಸ್ ಬರಲಿಲ್ಲ.

ಅದೇ ವರ್ಷ ಇಲ್ಲಿ ಮಳೆ ಕೈಕೊಟ್ಟಿತ್ತು. ಇನ್‌ಫ್ಲುಯೆಂಜಾ ಊರೂರು ಹೊಕ್ಕಿತ್ತು. ನಿಜಾಮರ ಸಂಪತ್ತಿಗೆ ಬೇರು ಜೋಳ, ತೊಗರಿ ಬೆಳೆದವರ ಕಂದಾಯವೇ. ಬ್ರಿಟಿಷರು ನಿಜಾಮರಿಗೆ ‘ನಂಬಿಕಸ್ಥ ಮಿತ್ರ’ ಅಂತ ಬಿರುದು ಕೊಟ್ಟರು. ಆ ಸ್ಕ್ವಾಡ್ರನ್ ಹೆಸರಿಗೆ ‘ಹೈದರಾಬಾದ್’ ಸೇರಿತು.

ರೈತನ ಹೆಸರು? ಅದನ್ನು ನಾವಾದರೂ ಬರೆಯೋಣ.