ಎಲೆಕ್ಟ್ರಾನಿಕ್ ಸ್ಥಿರತಾ ನಿಯಂತ್ರಣ: ಇತಿಹಾಸ

ಎಲೆಕ್ಟ್ರಾನಿಕ್ ಸ್ಥಿರತಾ ನಿಯಂತ್ರಣ, ಸಂಕ್ಷಿಪ್ತವಾಗಿ ಇಎಸ್‌ಸಿ: ತಿರುವಿನಲ್ಲಿ ಇಲ್ಲವೇ ಜಾರು ರಸ್ತೆಯಲ್ಲಿ ಹಿಡಿತ ತಪ್ಪುವ ವಾಹನವನ್ನು ಚಾಲಕ ಸ್ಟೇರಿಂಗ್ ತಿರುಗಿಸಿದ ದಿಕ್ಕಿಗೇ ತರಲು ಯತ್ನಿಸುವ ವ್ಯವಸ್ಥೆ. ಇದನ್ನು ಎಬಿಎಸ್ ಎಂದೇ ತಿಳಿಯುವುದುಂಟು. ಆದರೆ ಎಬಿಎಸ್ ಇರುವುದು ಬ್ರೇಕ್ ತುಳಿದಾಗ ಗಾಲಿಗಳು ಲಾಕ್ ಆಗದಂತೆ ತಡೆಯಲು. ಇಎಸ್‌ಸಿ ಚಾಲಕ ಬ್ರೇಕ್ ಮುಟ್ಟದಿದ್ದರೂ ಕೆಲಸಕ್ಕಿಳಿಯುತ್ತದೆ. ಸ್ಟೇರಿಂಗಿನ ಕೋನ, ಪ್ರತಿ ಗಾಲಿಯ ವೇಗ, ವಾಹನ ಹೊರಳುತ್ತಿರುವ ವೇಗ, ಪಕ್ಕದ ಸೆಳೆತ ಇವನ್ನು ಸೆನ್ಸರ್‌ಗಳು ಅಳೆಯುತ್ತವೆ. ಹಿಂಬದಿ ಹೊರಕ್ಕೆ ಜಾರಿದರೆ ಹೊರಬದಿಯ ಮುಂದಿನ ಗಾಲಿಗೆ, ವಾಹನ ತಿರುಗದೆ ನೇರ ಸಾಗಿದರೆ ಒಳಬದಿಯ ಹಿಂದಿನ ಗಾಲಿಗೆ ಬ್ರೇಕ್ ಬೀಳುತ್ತದೆ. ಬೇಕಾದರೆ ಎಂಜಿನ್ ಶಕ್ತಿಯೂ ಇಳಿಯುತ್ತದೆ.

ಮೊದಲಿಗರು ಯಾರೆಂಬುದರಲ್ಲಿ ಒಮ್ಮತವಿಲ್ಲ. ಬಾಷ್ ಮತ್ತು ಮರ್ಸಿಡಿಸ್ 1978ರಲ್ಲಿ ಎಬಿಎಸ್ ತಂದವು. 1990ರ ಹೊತ್ತಿಗೆ ಜಪಾನಿನ ಮಿತ್ಸುಬಿಷಿ ಜಾರುವಿಕೆ ತಡೆಯುವ ಏರ್ಪಾಡನ್ನು ತನ್ನ ಡಯಮಾಂಟೆ ಕಾರಿನಲ್ಲಿ ಅಳವಡಿಸಿತ್ತು. ಆದರೆ ಗಾಲಿಗಳಿಗೆ ಬೇರೆ ಬೇರೆಯಾಗಿ ಬ್ರೇಕ್ ಹಾಕಿ ವಾಹನದ ಹೊರಳುವಿಕೆಯನ್ನೇ ತಿದ್ದುವ ಪೂರ್ಣ ವ್ಯವಸ್ಥೆ ಬಂದದ್ದು 1995ರಲ್ಲಿ, ಮರ್ಸಿಡಿಸ್ ಎಸ್ ಶ್ರೇಣಿಯ ಕಾರಿನಲ್ಲಿ. ಈ ವ್ಯವಸ್ಥೆಯನ್ನು ರೂಪಿಸಿದ ಬಾಷ್ ತಂಡದ ಮುಂದಾಳು ಆಂಟನ್ ಫಾನ್ ಝಾಂಟನ್‌ಗೆ 2016ರಲ್ಲಿ ಯುರೋಪಿನ ಆವಿಷ್ಕಾರಕ ಪ್ರಶಸ್ತಿ ಸಂದಿತು.

ಆದರೂ ನಿಜವಾದ ತಿರುವು 1997ರದ್ದು. ಆ ಅಕ್ಟೋಬರಿನಲ್ಲಿ ಸ್ವೀಡನ್ನಿನ ಒಂದು ಪತ್ರಿಕೆ ಅಡ್ಡ ಬಂದ ಪ್ರಾಣಿಯನ್ನು ತಪ್ಪಿಸಿ ಹೋಗುವಂಥ ಪರೀಕ್ಷೆ ನಡೆಸಿದಾಗ ಮರ್ಸಿಡಿಸ್‌ನ ಪುಟ್ಟ ಎ ಶ್ರೇಣಿಯ ಕಾರು ಮಗುಚಿತು. ಕಂಪನಿ ಮಾರಾಟ ತಡೆದು, ಆ ಮಾದರಿಯ ಎಲ್ಲ ಕಾರುಗಳಿಗೂ ಇಎಸ್‌ಸಿ ಕೂರಿಸಿತು. ಸಿರಿವಂತರ ಕಾರಿನ ಸೌಲಭ್ಯ ಸಣ್ಣ ಕಾರಿಗಿಳಿದದ್ದು ಹೀಗೆ. ಅಮೆರಿಕ 2007ರಲ್ಲಿ ಇಎಸ್‌ಸಿ ಕಡ್ಡಾಯದ ನಿಯಮ ರೂಪಿಸಿ, 2011ರ ಸೆಪ್ಟೆಂಬರಿನೊಳಗೆ ಎಲ್ಲ ಹೊಸ ಲಘು ವಾಹನಗಳಿಗೆ ಅನ್ವಯಿಸಿತು. ಬೇರೆ ವಾಹನ ಒಳಗೊಳ್ಳದ ಅಪಘಾತಗಳು ಕಾರುಗಳಲ್ಲಿ ಶೇ. 34, ಎಸ್‌ಯುವಿಗಳಲ್ಲಿ ಶೇ. 59 ಇಳಿಯುತ್ತವೆಂಬುದು ಅಲ್ಲಿನ ಸಾರಿಗೆ ಸುರಕ್ಷತಾ ಸಂಸ್ಥೆಯ ಅಂದಾಜಾಗಿತ್ತು. ಯುರೋಪಿನಲ್ಲಿ 2014ರ ನವೆಂಬರಿನಿಂದ ಎಲ್ಲ ಹೊಸ ಕಾರುಗಳಿಗೂ ಕಡ್ಡಾಯವಾಯಿತು.

ಭಾರತದಲ್ಲಿ 2019ರ ಏಪ್ರಿಲಿನಿಂದ ಎಲ್ಲ ಹೊಸ ಕಾರುಗಳಿಗೆ ಕಡ್ಡಾಯವಾದದ್ದು ಎಬಿಎಸ್, ಇಎಸ್‌ಸಿ ಅಲ್ಲ. ಎರಡನ್ನೂ ಒಂದೆಂದು ಬರೆಯುವ ಗೊಂದಲಕ್ಕೆ ಈ ಆದೇಶವೂ ಕಾರಣವಾಗಿರಬಹುದು. 2023ರ ಅಕ್ಟೋಬರ್ 1ರಂದು ಜಾರಿಯಾದ, ಕಾರಿನ ಸುರಕ್ಷತೆಗೆ ನಕ್ಷತ್ರ ನೀಡುವ ಭಾರತ್ ಎನ್‌ಕ್ಯಾಪ್ ಪರೀಕ್ಷೆ ಕಂಪನಿಗಳಿಗೆ ಐಚ್ಛಿಕ. ಆದರೆ ಮೂರು ನಕ್ಷತ್ರ ಇಲ್ಲವೇ ಹೆಚ್ಚು ಬೇಕೆಂದರೆ ಇಎಸ್‌ಸಿ ಇರಲೇಬೇಕು. ನಕ್ಷತ್ರ ನೋಡಿ ಕಾರು ಕೊಳ್ಳುವವರಿಂದ ಇದಕ್ಕೆ ಬಲ ಬಂದಿದೆ.

ಗದಗ ಜಿಲ್ಲೆಯ ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಭಾಗದಲ್ಲಿ ಇಎಸ್‌ಸಿ ನೆರವಿಗೆ ಬರುವ ಸಂದರ್ಭಗಳು ಸಾಕಷ್ಟಿವೆ. ಮಳೆಗಾಲದಲ್ಲಿ ಹೊಲದಿಂದ ಬರುವ ಟ್ರ್ಯಾಕ್ಟರುಗಳ ಗಾಲಿಗೆ ಮೆತ್ತಿದ ಎರೆಮಣ್ಣು ಡಾಂಬರಿನ ಮೇಲೆ ಬಿದ್ದು ರಾಡಿಯಾಗುತ್ತದೆ. ಎದುರು ಬಂದ ಲಾರಿಗೆ ದಾರಿ ಬಿಡಲು ಎಡಗಾಲಿಗಳನ್ನು ಮಣ್ಣಿಗಿಳಿಸಿ, ಮತ್ತೆ ಥಟ್ಟನೆ ಮೇಲೆ ತರುವಾಗ ಕಾರು ಗಿರಕಿ ಹೊಡೆಯಬಹುದು. ಇಎಸ್‌ಸಿ ತಡೆಯುವುದು ಇಂಥದ್ದನ್ನೇ. ಟೈರು ಸವೆದು ನುಣುಪಾಗಿದ್ದರೆ ಅದೂ ಹೆಚ್ಚೇನೂ ಮಾಡಲಾರದು, ಏಕೆಂದರೆ ಬ್ರೇಕಿನ ಬಲ ರಸ್ತೆಗೆ ತಲುಪುವುದು ಟೈರಿನ ಮೂಲಕವೇ. ಪ್ರತಿ ಮಾದರಿಯ ತೂಕ, ಎತ್ತರ, ಸ್ಟೇರಿಂಗಿಗೆ ತಕ್ಕಂತೆ ಕಾರ್ಖಾನೆಯಲ್ಲೇ ಹೊಂದಿಸಬೇಕಾದ್ದರಿಂದ ಹಳೆಯ ಕಾರಿಗೆ ಊರಿನ ಗ್ಯಾರೇಜಿನಲ್ಲಿ ಇದನ್ನು ಕೂರಿಸಲಾಗದು. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಕೀಲಿ ತಿರುಗಿಸಿದಾಗ ಜಾರುವ ಕಾರಿನ ಚಿತ್ರದ ದೀಪ ಹತ್ತಿ ಆರುತ್ತದೆಯೇ ನೋಡಬೇಕು. ಓಡಿಸುವಾಗಲೂ ಆರದೆ ಉಳಿದರೆ ವ್ಯವಸ್ಥೆ ಕೆಟ್ಟಿದೆ ಅಥವಾ ಬಂದ್ ಆಗಿದೆ.