ಅಫನಾಸಿಯ ಕುದುರೆ, ನನ್ನ ಬುಲೆಟ್ಟು

ದೂರದ ರೈಡಿಗೆ ಜೊತೆಗಾರರನ್ನು ಹುಡುಕುವವರು ಕೇಳೋ ಪ್ರಶ್ನೆಗಳು ಎಲ್ಲಾ ಕಡೆ ಒಂದೇ. ಗಾಡಿ ಯಾವುದು? ಎಷ್ಟು ಸಿಸಿ? ದಿನಕ್ಕೆ ಎಷ್ಟು ಕಿಲೋಮೀಟರ್ ಹೊಡೀತೀರಿ? ರಜಾ ಎಷ್ಟು ದಿನ ಸಿಗುತ್ತೆ? ರಾತ್ರಿ ಓಡಿಸ್ತೀರಾ? ಬೆಂಗಳೂರಿಗೆ ಬಂದು, ಸೆಕೆಂಡ್ ಹ್ಯಾಂಡ್ ಬುಲೆಟ್ ತಗೊಂಡ ಹೊಸದರಲ್ಲಿ ನಾನೂ ಇಂಥದೊಂದು ಗುಂಪು ಸೇರುವಾಗ ಎಲ್ಲದಕ್ಕೂ ಉತ್ತರ ಬರೆದೆ. ಕೊನೇ ಪ್ರಶ್ನೆಗೆ ಮಾತ್ರ ಸುಳ್ಳು ಬರೆದೆ.

ನನಗೆ ರಾತ್ರಿ ಗಾಡಿ ಓಡಿಸೋಕೆ ಆಗಲ್ಲ. ಎದುರಿಂದ ಲಾರಿ ಲೈಟು ಕಣ್ಣಿಗೆ ಬಿದ್ದರೆ ಎರಡು ಸೆಕೆಂಡು ಏನೂ ಕಾಣಲ್ಲ. ಹೆದ್ದಾರಿಯಲ್ಲಿ ಎರಡು ಸೆಕೆಂಡು ಅಂದ್ರೆ ಏನು ಅಂತ ಓಡಿಸುವವರಿಗೆಲ್ಲ ಗೊತ್ತು. ಆದರೆ ಹಾಗಂತ ಬರೆದರೆ ಯಾರು ಜೊತೆಗೆ ಕರ್ಕೊಂಡು ಹೋಗ್ತಾರೆ? ‘ಹೌದು, ಓಡಿಸ್ತೀನಿ’ ಅಂತ ಬರೆದೆ.

ಹಂಪಿಗೆ ಹೋಗುವ ರೈಡು. ಹೊರಡೋದೇ ತಡವಾಯಿತು, ಚಿತ್ರದುರ್ಗ ದಾಟುವಾಗಲೇ ಕತ್ತಲಾಯಿತು, ಮಳೆ ಬೇರೆ. ನಾನು ನಲವತ್ತರ ಸ್ಪೀಡಿಗೆ ಬಂದೆ. ಮುಂದಿನ ಗಾಡಿಗಳ ಕೆಂಪು ದೀಪ ಒಂದೊಂದಾಗಿ ಸಣ್ಣದಾಗಿ, ಕಾಣದೇ ಹೋದವು. ಒಂದು ಚಹಾ ಅಂಗಡಿ ಮುಂದೆ ನಿಲ್ಲಿಸಿ, ಒದ್ದೆ ಜಾಕೆಟ್ ಹಾಕ್ಕೊಂಡೇ ಕೂತೆ. ಮುಕ್ಕಾಲು ಗಂಟೆ ಆದ ಮೇಲೆ ಒಬ್ಬ ಮಾತ್ರ ಹುಡುಕಿಕೊಂಡು ವಾಪಸ್ ಬಂದ. ಆರು ತಿಂಗಳಿಂದ ಪರಿಚಯ, ಆದರೆ ಗಾಡಿ ಬಿಟ್ಟು ಬೇರೆ ಮಾತು ಆಡಿರಲಿಲ್ಲ. ‘ಏನಾಯ್ತು ಗುರು, ಪಂಕ್ಚರ್ರಾ?’ ಅಂದ. ನಾನು ಅಂಜಿಕೆಯಲ್ಲಿ, ಬೆಂಗಳೂರಿನ ಭಾಷೆ ಮರೆತು, ‘ಇಲ್ರಿ, ಲೈಟ್ ಬಿದ್ರ ನನಗ ಏನೂ ಕಾಣಂಗಿಲ್ರಿ’ ಅಂದುಬಿಟ್ಟೆ. ಅವನು ಹೆಲ್ಮೆಟ್ ತೆಗೆದು ನನ್ನನ್ನೇ ನೋಡಿದ. ‘ಏನ್ರಿ, ನೀವ್ ಬೀದರ ಕಡೇದವ್ರೇನು?’

ಅವನು ಭಾಲ್ಕಿಯವನು. ನಾನು ಮೈಲೂರದವನು. ನಡುವೆ ನಲವತ್ತು ಕಿಲೋಮೀಟರ್ ಕೂಡ ಇಲ್ಲ. ಆರು ತಿಂಗಳು ಇಬ್ಬರೂ ಒಬ್ಬರ ಮುಂದೆ ಒಬ್ಬರು ‘ಗುರು’, ‘ಮಗಾ’ ಅಂತ ಬೆಂಗಳೂರಿನವರ ನಾಟಕ ಆಡಿದ್ದೆವು. ಆ ರಾತ್ರಿ ಹಂಪಿ ಮುಟ್ಟಲಿಲ್ಲ. ಹತ್ತಿರದ ಒಂದು ಲಾಡ್ಜಲ್ಲಿ ಬಟ್ಟೆ ಒಣಗಿಸುತ್ತಾ ಕೂತಾಗ ನನಗೆ ಅಫನಾಸಿ ನೆನಪಾದ.

ಬೀದರದಲ್ಲಿ ಬೆಳೆದವರಿಗೆ ಮಹಮೂದ್ ಗವಾನನ ಮದರಸಾ ಹೊಸದಲ್ಲ. 1472ರಲ್ಲಿ ಕಟ್ಟಿದ ಆ ಕಟ್ಟಡದ ಮುಂದೆ ನಾನು ಎಷ್ಟು ಸಲ ಸೈಕಲ್ ಹೊಡೆದಿದ್ದೇನೋ ಲೆಕ್ಕವಿಲ್ಲ. ಆ ಕಾಲದಲ್ಲೇ, ಗವಾನ್ ಬಹಮನಿ ರಾಜ್ಯದ ಪ್ರಧಾನಿಯಾಗಿದ್ದಾಗ, ರಷ್ಯಾದ ತ್ವೇರ್ ಎಂಬ ಊರಿನ ಒಬ್ಬ ವ್ಯಾಪಾರಿ ಬೀದರಿಗೆ ಬಂದಿದ್ದ. ಹೆಸರು ಅಫನಾಸಿ ನಿಕಿತಿನ್. ದಾರಿಯುದ್ದಕ್ಕೂ ಟಿಪ್ಪಣಿ ಬರೆದಿಟ್ಟ. ಅದೇ ಆಮೇಲೆ ‘ಮೂರು ಸಮುದ್ರಗಳಾಚೆಯ ಪಯಣ’ ಅಂತ ಹೆಸರಾಯಿತು. 1957ರಲ್ಲಿ ಕೆ.ಎ. ಅಬ್ಬಾಸ್ ಅವರು ಸೋವಿಯತ್ ಜೊತೆ ಸೇರಿ ‘ಪರದೇಸಿ’ ಅಂತ ಸಿನಿಮಾನೂ ಮಾಡಿದರು. ಇತಿಹಾಸದವರು ಆ ಟಿಪ್ಪಣಿಯಲ್ಲಿ ಸುಲ್ತಾನನ ಆನೆ, ಸೈನ್ಯದ ಲೆಕ್ಕ ಹುಡುಕ್ತಾರೆ. ನಾನು ಮತ್ತೆ ಓದಿದಾಗ ನನಗೆ ಅದು ಜೊತೆಗಾರರನ್ನು ಹುಡುಕುವವನ ಡೈರಿ ಅನ್ನಿಸಿತು.

ಅವನ ಪಯಣ ಶುರುವಾಗೋದೇ ಜೊತೆ ತಪ್ಪಿಹೋಗೋದರಿಂದ. ಮಾಸ್ಕೋದ ರಾಯಭಾರಿ ವಾಸಿಲಿ ಪಾಪಿನ್ ಶಿರ್ವಾನ್ ಕಡೆ, ಅಂದರೆ ಇವತ್ತಿನ ಅಜರ್‌ಬೈಜಾನ್ ಕಡೆ, ಹೊರಟಿದ್ದ. ಅವನ ಜೊತೆ ಹೋಗಬೇಕು ಅಂತ ಅಫನಾಸಿ ವೋಲ್ಗಾ ನದಿಯಲ್ಲಿ ದೋಣಿ ಹಾಕಿಕೊಂಡು ಬಂದರೆ, ರಾಯಭಾರಿ ಆಗಲೇ ಮುಂದೆ ಹೋಗಿಬಿಟ್ಟಿದ್ದಾನೆ. ಒಬ್ಬನೇ ಹೋಗೋ ದಾರಿ ಅದಲ್ಲ. ನಿಜ್ನಿ ನೋವ್‌ಗೊರೋದ್ ಊರಲ್ಲಿ ಎರಡು ವಾರ ಕಾದ. ಶಿರ್ವಾನಿನ ರಾಯಭಾರಿ ಹಸನ್ ಬೇಗ್ ಮಾಸ್ಕೋದಿಂದ ತನ್ನ ಊರಿಗೆ ವಾಪಸ್ ಹೋಗುತ್ತಿದ್ದ, ಜೊತೆಗೆ ತೊಂಬತ್ತು ಬೇಟೆ ಗಿಡುಗ! ಆ ಗಿಡುಗಗಳ ಮೆರವಣಿಗೆಯ ಹಿಂದೆ ಇವನ ದೋಣಿಯೂ ಸೇರಿತು.

ಆದರೂ ಆಸ್ಟ್ರಾಖಾನಿನ ಹತ್ತಿರ ದರೋಡೆಯಾಯಿತು. ಅಫನಾಸಿಯ ಸಾಮಾನೆಲ್ಲ ಸಣ್ಣ ದೋಣಿಯಲ್ಲಿತ್ತು, ಅದೇ ಲೂಟಿಯಾಯಿತು. ಕ್ಯಾಸ್ಪಿಯನ್ ಸಮುದ್ರದಲ್ಲಿ ಬಿರುಗಾಳಿ ಬೇರೆ. ಉಳಿದವರು ಶಿರ್ವಾನದ ದೊರೆಯ ಹತ್ತಿರ ಹೋಗಿ, ಊರಿಗೆ ಮರಳೋಕೆ ಏನಾದರೂ ಕೊಡಿ ಅಂತ ಬೇಡಿಕೊಂಡರು. ನೀವು ಬಹಳ ಜನ ಇದ್ದೀರಿ ಅಂತ ಅವನು ಏನೂ ಕೊಡಲಿಲ್ಲ. ಅಲ್ಲಿ ಗುಂಪು ಒಡೆಯಿತು. ಊರಲ್ಲಿ ಏನಾದರೂ ಇದ್ದವರು ಊರಿಗೆ ಹೋದರು. ಊರಲ್ಲಿ ಸಾಲ ಇದ್ದವರು ಕಣ್ಣು ಹೋದ ಕಡೆ ಹೋದರು. ಕೆಲವರು ಬಾಕುವಿಗೆ ಕೂಲಿಗೆ ಹೋದರು. ಅಫನಾಸಿ ಪರ್ಷಿಯಾ ದಾಟಿ ಹೊರ್ಮುಜ್‌ಗೆ ಬಂದ, ಅಲ್ಲಿಂದ ಹಡಗಿನಲ್ಲಿ ಕೊಂಕಣದ ಚೌಲ್ ಬಂದರಿಗೆ ಇಳಿದ.

ಇಳಿಯುವಾಗ ಅವನ ಹತ್ತಿರ ಒಂದು ಗಂಡು ಕುದುರೆ. ಜುನ್ನರ್ ಮುಟ್ಟುವಷ್ಟರಲ್ಲಿ ಅದಕ್ಕೆ ನೂರು ರೂಬಲ್ ಖರ್ಚಾಗಿತ್ತಂತೆ. ಬಹಮನಿಗಳಿಗೆ ಹೊರಗಿನ ಕುದುರೆ ಅಂದರೆ ಜೀವ. ನಮ್ಮ ಪಕ್ಕದ ಆಳಂದದಲ್ಲಿ ವರ್ಷಕ್ಕೊಮ್ಮೆ ಹತ್ತು ದಿನ ನಡೆಯುವ ಜಾತ್ರೆಗೆ 20,000 ಕುದುರೆ ಮಾರಾಟಕ್ಕೆ ಬರುತ್ತಿದ್ದವು ಅಂತ ಅವನು ಬರೆದಿದ್ದಾನೆ. ಇಲ್ಲಿ ಕುದುರೆಗೆ ಏನು ಹಾಕ್ತಾರೆ ಅನ್ನೋದನ್ನೂ ಬಿಟ್ಟಿಲ್ಲ: ಕಡಲೆ, ಮತ್ತು ಸಕ್ಕರೆ ಎಣ್ಣೆ ಹಾಕಿ ಬೇಯಿಸಿದ ಕಿಚಡಿ. ಪೆಟ್ರೋಲ್ ರೇಟು ನೋಡಿ ಅಳುವ ನಾವು ಸಕ್ಕರೆ ಕಿಚಡಿ ತಿನ್ನುವ ಗಾಡಿ ಸಾಕಿದ್ದರೆ ಏನಾಗ್ತಿತ್ತೋ!

ಜುನ್ನರ್‌ನಲ್ಲಿ ಮಳೆಗಾಲ. ಎಲ್ಲೆಲ್ಲೂ ನೀರು, ಕೆಸರು. ಎರಡು ತಿಂಗಳು ಅಲ್ಲೇ ನಿಂತ. ಅವನು ಮುಸಲ್ಮಾನನಲ್ಲ, ರಷ್ಯನ್ ಅಂತ ಗೊತ್ತಾದಾಗ ಅಲ್ಲಿನ ಅಧಿಕಾರಿ ಅಸದ್ ಖಾನ್ ಕುದುರೆ ಕಿತ್ತುಕೊಂಡ. ನಮ್ಮ ಮತಕ್ಕೆ ಬಂದರೆ ಕುದುರೆಯ ಜೊತೆ ಸಾವಿರ ಹೊನ್ನು ಕೊಡ್ತೀನಿ, ಬರದಿದ್ದರೆ ಕುದುರೆಯೂ ಹೋಯ್ತು, ಮೇಲೆ ಸಾವಿರ ಹೊನ್ನು ದಂಡ ಅಂದ. ನಾಲ್ಕು ದಿನ ಗಡುವು. ಗಡುವು ಮುಗಿಯುವ ಹೊತ್ತಿಗೆ ಖೊರಾಸಾನದ ಖೋಜಾ ಮುಹಮ್ಮದ್ ಎಂಬಾತ ಆ ಊರಿಗೆ ಬಂದ. ಅಫನಾಸಿ ಅವನ ಕಾಲಿಗೆ ಬಿದ್ದ ಅಂತಲೇ ಇಟ್ಟುಕೊಳ್ಳಿ. ಖೋಜಾ ಹೋಗಿ ಖಾನನಿಗೆ ಹೇಳಿ, ಮತವನ್ನೂ ಉಳಿಸಿ, ಕುದುರೆಯನ್ನೂ ಬಿಡಿಸಿಕೊಟ್ಟ. ಹೆದರಿಸಿದವನೂ ಮುಸಲ್ಮಾನ, ಬಿಡಿಸಿದವನೂ ಮುಸಲ್ಮಾನ. ದಾರಿಯಲ್ಲಿ ಯಾರು ನಿಲ್ತಾರೆ, ಯಾರು ಬಿಟ್ಟು ಹೋಗ್ತಾರೆ ಅನ್ನೋದು ಹಣೆಪಟ್ಟಿ ನೋಡಿದರೆ ಗೊತ್ತಾಗಲ್ಲ.

ಇಂಥದ್ದಾದ ಮೇಲೆ ಯಾರು ತಾನೇ ನಿಜ ಹೇಳ್ಕೊಂಡು ತಿರುಗ್ತಾರೆ? ಈ ಕಡೆ ಓಡಾಡೋಕೆ ಅವನು ಇಟ್ಟುಕೊಂಡಿದ್ದ ಹೆಸರು ಖೋಜಾ ಯೂಸುಫ್ ಖೊರಾಸಾನಿ. ಬೀದರಿಗೆ ಬಂದ, ಒಂದು ವರ್ಷ ಸಾಕಿದ ಕುದುರೆಯನ್ನು ಕ್ರಿಸ್‌ಮಸ್ ಹೊತ್ತಿಗೆ ಮಾರಿದ. ಗಾಡಿ ಹೋಯಿತು, ಊರು ದೂರ, ಭಾಷೆ ಬೇರೆ, ಇರುವ ಹೆಸರೂ ತನ್ನದಲ್ಲ.

ಅಲ್ಲಿಂದ ಮುಂದಿನ ಒಂದು ಪುಟಕ್ಕಾಗಿಯೇ ನನಗೆ ಈ ಮನುಷ್ಯ ಇಷ್ಟ. ಬೀದರದ ಹಿಂದೂಗಳ ಪರಿಚಯವಾಯಿತು. ಒಂದು ದಿನ ಅವರಿಗೆ ನಿಜ ಹೇಳಿಬಿಟ್ಟ: ನಾನು ಯೂಸುಫ್ ಅಲ್ಲ, ನನ್ನ ಹೆಸರು ಅಫನಾಸಿ, ನಾನು ಕ್ರೈಸ್ತ. ಅವತ್ತಿನಿಂದ ಅವರೂ ಇವನ ಹತ್ತಿರ ಏನನ್ನೂ ಮುಚ್ಚಿಡಲಿಲ್ಲವಂತೆ. ಊಟ, ವ್ಯಾಪಾರ, ಪೂಜೆ, ಮನೆ ಹೆಂಗಸರು, ಯಾವುದನ್ನೂ ಮರೆ ಮಾಡಲಿಲ್ಲ. ನಾಲ್ಕು ತಿಂಗಳು ಬೀದರದಲ್ಲಿದ್ದು, ಅವರ ಜೊತೆ ಮಾತಾಡಿಕೊಂಡು ‘ಪರ್ವತ’ಕ್ಕೆ ಹೊರಟ. ಪರ್ವತ ಅಂದರೆ ನಮ್ಮ ಶ್ರೀಶೈಲ. ಇದು ಇವರ ಜೆರುಸಲೇಮ್ ಅಂತ ಬರೆದ. ಬೀದರದಿಂದ ಒಂದು ತಿಂಗಳ ದಾರಿ. ಶಿವರಾತ್ರಿ ಹೊತ್ತು, ಐದು ದಿನದ ಜಾತ್ರೆ. ದೇವಸ್ಥಾನದ ಅಳತೆಗೆ ತನ್ನ ಊರನ್ನೇ ಹಿಡಿದ: ಅರ್ಧ ತ್ವೇರ್‌ನಷ್ಟು ದೊಡ್ಡದು ಅಂದ. ಕರಿಕಲ್ಲಿನ ದೊಡ್ಡ ಬಸವಣ್ಣ, ಅದಕ್ಕೆ ಚಿನ್ನದ ಲೇಪ, ಜನ ಅದರ ಗೊರಸಿಗೆ ಮುತ್ತಿಟ್ಟು ಹೂ ಹಾಕೋದು, ಎಲ್ಲಾ ನೋಡಿದ.

ಈ ಜೊತೆಗಾರರು ಅವನಂಥವರೇನಲ್ಲ. ಒಟ್ಟಿಗೆ ಊಟ ಕೂಡ ಮಾಡುತ್ತಿರಲಿಲ್ಲ. ಪಯಣದಲ್ಲಿ ಪ್ರತಿಯೊಬ್ಬರ ಹತ್ತಿರವೂ ಒಂದೊಂದು ಗಡಿಗೆ, ಅವರವರ ಅಡಿಗೆ ಅವರವರದೇ ಅಂತ ಬರೆದಿದ್ದಾನೆ. ಜಾತಿ ನೋಡಿ ಬೇರೆ ಕೂತು ಉಣ್ಣೋದು ಹೆಮ್ಮೆಯ ವಿಷಯವೇನಲ್ಲ. ಆದರೂ ಒಂದು ಗಡಿಗೆಯಲ್ಲಿ ಉಣ್ಣದ ಜನ ಒಬ್ಬ ಪರದೇಶಿಯನ್ನು ತಮ್ಮ ಅತಿ ಪವಿತ್ರ ಜಾಗಕ್ಕೆ ಕರೆದುಕೊಂಡು ಹೋದರು. ಯಾಕೆ ಕರೆದೊಯ್ದರು ಅಂದರೆ, ಅವನು ಯಾರು ಅಂತ ಅವರಿಗೆ ಗೊತ್ತಿತ್ತು.

ಶ್ರೀಶೈಲದ ದಾರಿಗೆ ಒಬ್ಬರೇ ಹೋದವರೂ ಇದ್ದಾರೆ. ಹನ್ನೆರಡನೇ ಶತಮಾನದಲ್ಲಿ ನಮ್ಮ ಜಿಲ್ಲೆಯ ಕಲ್ಯಾಣದಿಂದ ಅಕ್ಕಮಹಾದೇವಿ ಕದಳಿಗೆ ಹೋದದ್ದು ಎಲ್ಲರಿಗೂ ಗೊತ್ತು. ಆದರೆ ಅಕ್ಕನಂಥವರು ಎಷ್ಟು ಜನ? ಉಳಿದವರೆಲ್ಲ ಗುಂಪು ಕಟ್ಟಿಕೊಂಡೇ ಹೋದವರು. ಇವತ್ತೂ ಯುಗಾದಿ ಹೊತ್ತಿಗೆ ಉತ್ತರ ಕರ್ನಾಟಕದ ಊರೂರಿಂದ ಮಲ್ಲಯ್ಯನ ಕಂಬಿ ಹೊತ್ತು ಜನ ನಲ್ಲಮಲ ಕಾಡು ದಾಟಿ ನಡೆದು ಹೋಗ್ತಾರೆ. ದಾರಿಯಲ್ಲಿ ಹಳ್ಳಿಯವರು ದಾಸೋಹ ಇಡ್ತಾರೆ. ನಮ್ಮ ಅಜ್ಜ ಒಮ್ಮೆ ಕಲಬುರಗಿ ಕಡೆ ನೆಂಟರ ಊರಿನವರ ಜೊತೆ ಹೋಗಿದ್ದ. ಹೊರಡೋ ಹಿಂದಿನ ದಿನ ಹಿರಿಯರು ಎಲ್ಲರನ್ನೂ ಕೂಡಿಸಿ ಕೇಳಿದ್ದು ಒಂದೇ ಮಾತಂತೆ: ‘ಯಾರಿಗೆ ಏನ್ ಬ್ಯಾನಿ ಅದ, ಈಗೇ ಹೇಳ್ರಿ.’ ಮಂಡಿ ನೋವು, ಇರುಳುಗಣ್ಣು, ದಮ್ಮು, ಏನಿದ್ದರೂ ಹೇಳಬೇಕು. ಹೇಳಿದವರನ್ನು ಮನೆಗೆ ಕಳಿಸುತ್ತಿರಲಿಲ್ಲ. ಸಾಲಿನಲ್ಲಿ ಮುಂದೆ ಹಾಕುತ್ತಿದ್ದರು. ‘ಹಗೂರ ನಡಿಯವ್ರು ಮುಂದ ಇರಬೇಕು. ಹಿಂದ ಬಿಟ್ರ ಅಡವ್ಯಾಗ ಕಳೀತಾರ’ ಅಂತ ಅಜ್ಜ ಹೇಳ್ತಿದ್ದ.

ಬೈಕಿನ ಚರಿತ್ರೆಯಲ್ಲೂ ಇದೇ ನಡೆದಿದೆ. 1955ರಿಂದ ಮದ್ರಾಸಿನಲ್ಲಿ ಬುಲೆಟ್, 1961ರಿಂದ ಮೈಸೂರಿನಲ್ಲಿ ಜಾವಾ ತಯಾರಾದವು. ಮೈಸೂರಿನ ಕಾರ್ಖಾನೆ 1996ರಲ್ಲಿ ಮುಚ್ಚಿತು. ಗಾಡಿ ಹೊಸದಿದ್ದಾಗ ಜಾವಾದವರಿಗೆ ಇನ್ನೊಬ್ಬ ಜಾವಾದವನನ್ನು ಹುಡುಕುವ ದರ್ದು ಇರಲಿಲ್ಲ. ಕಾರ್ಖಾನೆ ಮುಚ್ಚಿ, ಸ್ಪೇರ್ ಪಾರ್ಟ್ ಸಿಗದೇ ಹೋದಾಗ ‘ನನ್ನ ಗಾಡಿ ನಿಂತದೆ, ನಿಮ್ಮ ಹತ್ತಿರ ಇಂಥ ಸಾಮಾನು ಇದೆಯಾ’ ಅಂತ ಒಬ್ಬರಿಗೊಬ್ಬರು ಕೇಳಬೇಕಾಯಿತು. ಹಾಗೆ ಕೇಳಿಕೊಂಡೇ ಸ್ನೇಹ ಬೆಳೆದು, ಈಗ ಜುಲೈ ತಿಂಗಳ ಎರಡನೇ ಭಾನುವಾರ ಜಾವಾ ದಿನ ಅಂತ ನೂರಾರು ಹಳೇ ಗಾಡಿಗಳು ಬೆಂಗಳೂರಲ್ಲಿ ಒಟ್ಟಿಗೆ ಸೇರ್ತವೆ. ಕೊರತೆ ಹೇಳಿಕೊಂಡವರಿಗೆ ಜೊತೆ ಸಿಕ್ಕಿತು.

ಹಂಪಿ ರೈಡಿನ ಮರುವರ್ಷ ನಾವು ಅಫನಾಸಿಯ ದಾರಿ ಹಿಡಿದೆವು. ಭಾಲ್ಕಿಯ ದೋಸ್ತ, ಅವನ ಔರಾದದ ಸೋದರಮಾವನ ಮಗ, ನಾನು. ಬೀದರದಿಂದ ಹೈದರಾಬಾದ್ ಮೇಲೆ ಶ್ರೀಶೈಲ, ಸುಮಾರು 350 ಕಿಲೋಮೀಟರ್. ಹೊರಡೋ ಮುಂಚೆ ಚಹಾ ಕುಡಿಯುತ್ತಾ ಅಜ್ಜನ ಪ್ರಶ್ನೆ ಕೇಳಿದೆ: ‘ಯಾರಿಗೆ ಏನ್ ಬ್ಯಾನಿ ಅದ?’ ನನ್ನದು ಗೊತ್ತಿದ್ದದ್ದೇ. ಔರಾದದ ಹುಡುಗ ಸ್ವಲ್ಪ ನಾಚಿ, ‘ಅಣ್ಣ, ನನಗ ಘಾಟ್ ಅಂದ್ರ ಅಂಜಿಕಿ ಅದ’ ಅಂದ. ಭಾಲ್ಕಿಯವನು ಸುಮಾರು ಹೊತ್ತು ಸುಮ್ಮನಿದ್ದು, ಆ ತಿಂಗಳು ತನ್ನ ಕೆಲಸ ಹೋಗಿದೆ, ಮನೆಯಲ್ಲಿ ಇನ್ನೂ ಹೇಳಿಲ್ಲ, ಪೆಟ್ರೋಲ್ ಖರ್ಚು ನೀವು ನೋಡಬೇಕಾಗ್ತದ ಅಂದ. ಮುಂದಿನ ಎರಡು ದಿನ ನಾವು ಆಡಿದ ಮಾತು ಗಾಡಿಯ ಬಗ್ಗೆ ಬಹಳ ಕಡಿಮೆ.

ನಲ್ಲಮಲ ಕಾಡಿನ ಗೇಟನ್ನು ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಹಾಕಿರ್ತಾರೆ, ಹುಲಿಗಳಿರುವ ಕಾಡು. ನನ್ನ ಕಣ್ಣಿಗೆ ಹೇಳಿ ಮಾಡಿಸಿದ ಕಾನೂನು! ಕತ್ತಲಾಗುವ ಮುಂಚೆ ತಂಗಿದೆವು, ಬೆಳಿಗ್ಗೆ ಕಾಡು ಹೊಕ್ಕೆವು. ಘಾಟಿನ ತಿರುವುಗಳಲ್ಲಿ ಔರಾದದ ಹುಡುಗ ಮುಂದೆ, ನಾವಿಬ್ಬರು ಹಿಂದೆ, ಇಪ್ಪತ್ತೈದರ ಸ್ಪೀಡು. ಹಿಂದಿನಿಂದ ಕಾರಿನವರು ಹಾರ್ನ್ ಹೊಡೆದು ಹೊಡೆದು ಬೈದುಕೊಂಡು ಹೋದರು.

ಅಫನಾಸಿ ಊರು ಮುಟ್ಟಲಿಲ್ಲ. ಬೀದರ ಬಿಟ್ಟು, ದಾಭೋಳದಲ್ಲಿ ಹಡಗು ಹತ್ತಿ, ಪರ್ಷಿಯಾ, ಕಪ್ಪು ಸಮುದ್ರ ಎಲ್ಲಾ ದಾಟಿ ಹೋದವನು ಸ್ಮೊಲೆನ್ಸ್ಕ್ ಮುಟ್ಟುವ ಮೊದಲೇ ತೀರಿಕೊಂಡ. ಅವನ ಕೈಬರಹದ ಪುಸ್ತಕಗಳನ್ನು ಬೇರೆ ವ್ಯಾಪಾರಿಗಳು ಹೊತ್ತು ತಂದು ಮಾಸ್ಕೋದಲ್ಲಿ ಅಧಿಕಾರಿಯೊಬ್ಬನಿಗೆ ಮುಟ್ಟಿಸಿದರು. ಅವರ ಹೆಸರು ಯಾರೂ ಬರೆದಿಟ್ಟಿಲ್ಲ. ಅವರು ಆ ಗಂಟನ್ನು ದಾರಿಯಲ್ಲೇ ಬಿಟ್ಟಿದ್ದರೆ, ಬೀದರದ ನಾಲ್ಕು ಜನ ಒಬ್ಬ ಪರದೇಶಿಯನ್ನು ಶ್ರೀಶೈಲಕ್ಕೆ ಕರೆದುಕೊಂಡು ಹೋಗಿದ್ದರು ಅನ್ನೋದು ನಮಗೆ ಗೊತ್ತೇ ಆಗುತ್ತಿರಲಿಲ್ಲ.

ಈಗಲೂ ರೈಡಿಗೆ ಬರ್ತೀರಾ ಅಂತ ಯಾರಾದರೂ ಕೇಳ್ತಾರೆ. ಗಾಡಿ, ಸಿಸಿ ಆಮೇಲೆ. ಮೊದಲು ಇಷ್ಟು ಹೇಳ್ತೀನಿ: ನಾ ಬೀದರದಾಂವ ಅದೀನ್ರಿ, ಕತ್ತಲಾದ ಮ್ಯಾಲ ಗಾಡಿ ಹೊಡಿಯಂಗಿಲ್ಲ. ಕೆಲವರು ಮತ್ತೆ ಫೋನ್ ಮಾಡಲ್ಲ. ಮಾಡಿದವರ ಜೊತೆ ಹೋಗ್ತೀನಿ.