ಪ್ರೆಸ್ ಯಾರದು, ಸರ್ವರ್ ಯಾರದು?



ನಮ್ಮ ತಾಲ್ಲೂಕಿನ ಸಂಗಾತಿಗಳು ಹಳೇ ಕರಪತ್ರ, ಫೋಟೋ, ಪತ್ರಿಕೆಗಳನ್ನೆಲ್ಲ ಸ್ಕ್ಯಾನ್ ಮಾಡಿ ಒಂದು ವೆಬ್‌ಸೈಟಿಗೆ ಹಾಕೋಣ ಅಂತ ಹೊರಟಿದ್ದಾರೆ. 1973ರ ಬೂಸಾ ಪ್ರಕರಣದಿಂದ ಈಚೆಗೆ ಟ್ರಂಕುಗಳಲ್ಲಿ ಉಳಿದಿರುವ ಕಾಗದ ಇದು. ಮೊದಲ ಸಭೆಯಲ್ಲೇ ಬಂದ ಪ್ರಶ್ನೆ, "ಯಾವ ಹೋಸ್ಟಿಂಗ್ ಕಂಪನಿ ಅಗ್ಗ ಅಣ್ಣಾ?" ದುಡ್ಡಿನ ಮಾತು ಆಮೇಲೆ. ಅದಕ್ಕೂ ಮೊದಲು ಬಾಬಾಸಾಹೇಬರು ಪತ್ರಿಕೆ ನಡೆಸಿದ ಕಥೆ ನೋಡಬೇಕು ಅನ್ನೋದು ನನ್ನ ಮಾತು.

1920ರ ಜನವರಿ 31ರಂದು 'ಮೂಕನಾಯಕ' ಹೊರಬಂತು. ಕೊಲ್ಹಾಪುರದ ಶಾಹು ಮಹಾರಾಜರು 2,500 ರೂಪಾಯಿ ಕೊಟ್ಟಿದ್ದರು. ಪತ್ರಿಕೆ ಬರ್ತಿದೆ ಅಂತ ಒಂದು ಜಾಹೀರಾತು ಹಾಕಿ ಅಂದರೆ 'ಕೇಸರಿ' ಪತ್ರಿಕೆ ದುಡ್ಡು ಕೊಡ್ತೀವಿ ಅಂದರೂ ಹಾಕಲಿಲ್ಲ. ಬರೆಯೋಕೆ ಬರುತ್ತಿತ್ತು, ದುಡ್ಡೂ ಇತ್ತು. ಆದರೆ ಅಚ್ಚಿನ ಮನೆಯ ಬಾಗಿಲು ಇನ್ನೊಬ್ಬರ ಕೈಯಲ್ಲಿತ್ತು. ಅದೇ ವರ್ಷ ಬಾಬಾಸಾಹೇಬರು ಓದಿಗೆ ಲಂಡನ್ನಿಗೆ ಹೋದರು. ಕೆಲವೇ ವರ್ಷಗಳಲ್ಲಿ ಪತ್ರಿಕೆ ನಿಂತುಹೋಯಿತು.

1927ರ ಏಪ್ರಿಲ್ 3ಕ್ಕೆ 'ಬಹಿಷ್ಕೃತ ಭಾರತ' ಶುರು. ಬೇರೆ ಬರೆಯುವವರಿಲ್ಲದೆ ಅಂಕಣಗಳನ್ನು ಬಹುಮಟ್ಟಿಗೆ ಅವರೇ ತುಂಬಿಸುತ್ತಿದ್ದರು. ಜೊತೆಗೆ ಸ್ವಂತ ಪ್ರೆಸ್ಸಿಗಾಗಿ ಜನರಿಂದ ದೇಣಿಗೆ ಕೇಳಿದರು. ಹಾಗೆ ಎದ್ದು ನಿಂತಿದ್ದು ಭಾರತ ಭೂಷಣ ಪ್ರಿಂಟಿಂಗ್ ಪ್ರೆಸ್. ಮುಂದೆ ಅದಕ್ಕೆ ಬುದ್ಧಭೂಷಣ ಅಂತ ಹೆಸರಾಯಿತು. 1930ರಲ್ಲಿ ಶುರುವಾದ 'ಜನತಾ' ಏಳುಬೀಳಿನ ನಡುವೆಯೂ ಉಳಿದು, 1956ರಲ್ಲಿ 'ಪ್ರಬುದ್ಧ ಭಾರತ' ಆಯಿತು.

ಆದರೆ ಕಥೆ ಅಲ್ಲಿಗೆ ಮುಗಿಯಲ್ಲ. 2016ರ ಜೂನ್‌ನಲ್ಲಿ, ಒಂದು ನಸುಕಿನಲ್ಲಿ, ದಾದರಿನ ಅಂಬೇಡ್ಕರ್ ಭವನವನ್ನೂ ಆ ಪ್ರೆಸ್ ಕಟ್ಟಡವನ್ನೂ ಕೆಡವಿದರು. ಜಾಗ ಯಾರ ಹೆಸರಲ್ಲಿದೆ ಅನ್ನೋ ಜಗಳ. ಯಂತ್ರ ನಮ್ಮದಾದರೆ ಸಾಲದು, ಕಾಗದಪತ್ರವೂ ನೆಟ್ಟಗಿರಬೇಕು.

ಈಗ ವೆಬ್‌ಸೈಟಿಗೆ ಬರೋಣ. ಹೋಸ್ಟಿಂಗ್ ಅಂದ್ರೆ ಹಗಲೂ ರಾತ್ರಿ ಆನ್ ಇರೋ ಇನ್ನೊಬ್ಬರ ಕಂಪ್ಯೂಟರಿನಲ್ಲಿ ನಮ್ಮ ಫೈಲಿಗೆ ಬಾಡಿಗೆ ಜಾಗ. ಡೊಮೈನ್ ಅಂದ್ರೆ ಅದರ ವಿಳಾಸ. ಬಾಡಿಗೆ ಮನೆ ಹುಡುಕೋಕೆ ಹೋಗಿ ಜಾತಿ ಕೇಳಿಸಿಕೊಂಡವರಿಗೆ ಓನರ್ ಅಂದ್ರೆ ಏನು ಅಂತ ಬಿಡಿಸಿ ಹೇಳಬೇಕಾಗಿಲ್ಲ.

ಪುಕ್ಕಟೆ ಜಾಗದ ಗತಿಯನ್ನೂ ನೋಡಿ. ಅಮೆರಿಕದಲ್ಲಿ 1994ರಲ್ಲಿ ಶುರುವಾದ ಜಿಯೋಸಿಟೀಸ್ ಜನರಿಗೆ ಬಿಟ್ಟಿ ಪುಟ ಕೊಡ್ತಿತ್ತು. 1999ರಲ್ಲಿ ಯಾಹೂ ಅದನ್ನು ಕೊಂಡಿತು. 2009ರ ಅಕ್ಟೋಬರ್‌ನಲ್ಲಿ ಬಾಗಿಲು ಹಾಕಿತು. ಸ್ವಯಂಸೇವಕರು ಓಡಾಡಿ ನಕಲು ಮಾಡಿಕೊಂಡಷ್ಟು ಉಳಿಯಿತು, ಮಿಕ್ಕಿದ್ದು ಹೋಯಿತು. ಫೇಸ್‌ಬುಕ್ ಪೇಜ್ ಸಾಕು ಅನ್ನೋರು ಇದನ್ನು ನೆನಪಿಡಿ.

ನಮ್ಮ ಪರಿಚಯದ ಒಂದು ಬಳಗಕ್ಕೂ ಏಟು ಬಿದ್ದಿದೆ. ಸೈಟ್ ಮಾಡಿಕೊಟ್ಟವರು ಡೊಮೈನನ್ನು ತಮ್ಮ ಹೆಸರಲ್ಲೇ ತಗೊಂಡಿದ್ದರು. ಆಮೇಲೆ ಫೋನ್ ಎತ್ತಲಿಲ್ಲ. ಏಳು ವರ್ಷದ ಬರಹ ಕೈಗೆ ಸಿಗಲಿಲ್ಲ.

ಅದಕ್ಕೇ ಕಂಪನಿ ಆರಿಸೋ ಮುಂಚೆ ಇಷ್ಟು ಕೇಳಿ:

1. ಡೊಮೈನ್ ಯಾರ ಹೆಸರಲ್ಲಿ? ನೋಂದಾಯಿತ ಸಂಘದ ಹೆಸರು, ಸಂಘದ ಇಮೇಲ್ ಇರಲಿ. ಪಾಸ್‌ವರ್ಡ್ ಕನಿಷ್ಠ ಇಬ್ಬರ ಬಳಿ ಇರಲಿ.

2. ಮೊದಲ ವರ್ಷದ ರೇಟು ನೋಡಿ ಹಿಗ್ಗಬೇಡಿ. ರಿನೀವಲ್ ಎಷ್ಟು? ಎಷ್ಟೋ ಕಡೆ ಅದು ಎರಡು ಮೂರು ಪಟ್ಟು ಏರುತ್ತೆ.

3. ಬಿಟ್ಟು ಹೋಗೋಕೆ ದಾರಿ ಇದೆಯಾ? ಫೈಲು, ಡೇಟಾಬೇಸ್ ಪೂರ್ತಿ ಇಳಿಸಿಕೊಂಡು ಬೇರೆ ಕಡೆ ಹಾಕೋಕೆ ಆಗಬೇಕು.

4. ಯಾರಾದರೂ ದೂರು ಕೊಟ್ಟರೆ ಏನು ಮಾಡ್ತಾರೆ? ನಮಗೆ ನೋಟಿಸ್ ಕೊಡ್ತಾರಾ, ನೇರ ಸೈಟ್ ಮುಚ್ತಾರಾ? ಷರತ್ತು ಓದಿ. ದೌರ್ಜನ್ಯದ ಸುದ್ದಿ ಹಾಕೋ ನಮಗೆ ಇದು ಬೇಕೇ ಬೇಕು.

5. ಬ್ಯಾಕಪ್ ಅವರು ಇಟ್ಟರೂ ನಾವೂ ಇಡೋಣ. ತಿಂಗಳಿಗೊಮ್ಮೆ ಎರಡು ಹಾರ್ಡ್ ಡಿಸ್ಕ್, ಎರಡು ಬೇರೆ ಬೇರೆ ಊರಲ್ಲಿ.

ಸ್ವಂತ ಸರ್ವರ್ ಇಡೋ ಶಕ್ತಿ ಇವತ್ತು ನಮಗಿಲ್ಲ, ಬಾಡಿಗೆಗೇ ಇರೋಣ. ಆದರೆ ವಿಳಾಸ ನಮ್ಮ ಹೆಸರಲ್ಲಿರಲಿ, ಸಾಮಾನಿನ ನಕಲು ನಮ್ಮ ಮನೆಯಲ್ಲಿರಲಿ. ಓನರ್ ಖಾಲಿ ಮಾಡಿ ಅಂದ ದಿನ ನಾವು ಬೀದಿಯಲ್ಲಿ ನಿಲ್ಲಬಾರದು.

ಮುಂದಿನ ಸಭೆಗೆ ಬರೋರು ಸಂಘದ ನೋಂದಣಿ ಪತ್ರದ ಜೆರಾಕ್ಸ್ ತನ್ನಿ. ಖರ್ಚಿಗೆ ಎಲ್ಲರೂ ಕೈಲಾದಷ್ಟು ಹಾಕೋಣ. ಪ್ರೆಸ್ಸಿಗೂ ನಮ್ಮ ಹಿರಿಯರು ಹಾಗೇ ಹಾಕಿದ್ದು.

ಜೈಭೀಮ್.